ಸಮೀಪಚಿತ್ರದಲ್ಲಿ ಬಣ್ಣ ಮತ್ತು ಸ್ವಭಾವೋಕ್ತಿ

೧

ಛಾಯಾಚಿತ್ರವನ್ನು ಕಾವ್ಯದ ಮಗ್ಗುಲಲ್ಲಿರಿಸಿ ವಿಚಾರಮಾಡುವ ಪದ್ಧತಿ ನಮ್ಮಲ್ಲಿ ಇನ್ನೂ ಚೆನ್ನಾಗಿ ಬೇರೂರಿಲ್ಲ. ಶಿಲ್ಪವನ್ನೋ ಸಂಗೀತವನ್ನೋ ಕುರಿತು ಮಾತನಾಡುವಾಗ ಭಾವ, ಔಚಿತ್ಯ, ಧ್ವನಿ ಮೊದಲಾದ ಮಾತುಗಳನ್ನು ಧಾರಾಳವಾಗಿ ಬಳಸುವ ನಾವು, ಛಾಯಾಚಿತ್ರದ ಬಳಿಗೆ ಬಂದೊಡನೆ 'ಚೆನ್ನಾಗಿ ಬಂದಿದೆ' ಎಂಬ ಒಂದೇ ಮಾತಿನಿಂದ ತೃಪ್ತರಾಗಿಬಿಡುತ್ತೇವೆ. ಯಂತ್ರವು ಮಾಡುವ ಕೆಲಸಕ್ಕೆ ವಿಮರ್ಶೆಯೇಕೆ ಎಂಬ ಉಪೇಕ್ಷೆ ಇದರ ಹಿನ್ನೆಲೆಯಲ್ಲಿ ಇದ್ದೀತು. ಆದರೆ ಇಂದು ಆ ಯಂತ್ರವು ಮೊಬೈಲಿನೊಳಗೆ ಸೇರಿ ಮನೆಮನೆಯನ್ನೂ ಹೊಕ್ಕಿದೆ. ನಿಬಂಧದ ಪುಸ್ತಕವನ್ನು ಹಿಡಿಯುವ ಕೈಯೇ ಅದನ್ನೂ ಹಿಡಿಯುತ್ತಿದೆ. ಹೀಗಿರುವಾಗ ಭಾಷೆಯನ್ನು ಕಲಿಸುವವರೂ ಕಲಿಯುವವರೂ ಅದರ ವಿಷಯದಲ್ಲಿ ಉದಾಸೀನರಾಗಿರುವುದು ಉಚಿತವಲ್ಲ.

ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿರುವುದು ಆ ಕಲೆಯ ಒಂದು ಚಿಕ್ಕ ಪ್ರಕಾರ ಮಾತ್ರ. ನಿತ್ಯದ ಬಳಕೆಯ ಬಣ್ಣಬಣ್ಣದ ವಸ್ತುಗಳನ್ನು, ದೀಪದ ನೆರವಿಲ್ಲದೆ, ಹಗಲಿನ ಸಹಜವಾದ ಬೆಳಕಿನಲ್ಲಿಯೇ, ಬಹು ಹತ್ತಿರದಿಂದ ತೆಗೆಯುವ ಚಿತ್ರಗಳನ್ನು ಕ್ಲೋಸಪ್ ಎನ್ನುತ್ತಾರೆ; ನಾವು ಸಮೀಪಚಿತ್ರವೆನ್ನೋಣ. ಕನ್ನಡ ನಾಡಿನ ಛಾಯಾಗ್ರಹಣದ ಕೀರ್ತಿ ಹೆಚ್ಚಾಗಿ ಕಾಡಿನಿಂದ ಬಂದದ್ದು. ಇ. ಹನುಮಂತರಾವ್, ಟಿ. ಎನ್. ಎ. ಪೆರುಮಾಳ್, ಎಂ. ವೈ. ಘೋರ್ಪಡೆ, ಪೂರ್ಣಚಂದ್ರ ತೇಜಸ್ವಿ ಇವರೆಲ್ಲರೂ ಹಕ್ಕಿಯ ಹಿಂದೆಯೋ ಮೃಗದ ಹಿಂದೆಯೋ ಹೋದವರು. ಅಡಿಗೆಮನೆಯ ಮೆಣಸಿನಕಾಯಿ, ಕೈಯ ಬಳೆ, ಹೊದೆಯುವ ಕೌದಿ ಇವುಗಳ ಚಿತ್ರವನ್ನು ಮಾತ್ರ ಬಹುಮಟ್ಟಿಗೆ ಜಾಹೀರಾತಿಗೆ ಬಿಟ್ಟುಕೊಟ್ಟಿದ್ದೇವೆ. ದೂರದ ಕಾಡನ್ನು ಕಂಡ ಕಣ್ಣು ಹತ್ತಿರದ ಹೊಸ್ತಿಲನ್ನು ಕಾಣಬೇಡವೆ? ಕಾಣುವುದಾದರೆ ಹೇಗೆ ಕಾಣಬೇಕು? ಒಳ್ಳೆಯ ಸಮೀಪಚಿತ್ರವನ್ನು ಕೆಟ್ಟದ್ದರಿಂದ ಬೇರ್ಪಡಿಸುವ ಗುಣ ಯಾವುದು? ಇವು ಈ ಲೇಖನದ ಪ್ರಶ್ನೆಗಳು.

೨

ಈ ಪ್ರಶ್ನೆಗಳಿಗೆ ಉತ್ತರವನ್ನು ಹುಡುಕಲು ಯಂತ್ರಶಾಸ್ತ್ರಕ್ಕಿಂತ ಮೊದಲು ನಮ್ಮ ಅಲಂಕಾರಶಾಸ್ತ್ರದ ಕಡೆಗೆ ತಿರುಗುವುದು ಲಾಭಕರ. ವಸ್ತುವನ್ನು ಅದು ಇರುವಂತೆಯೇ ಕಣ್ಣಿಗೆ ಕಟ್ಟುವಂತೆ ಹೇಳುವುದಕ್ಕೆ ಸ್ವಭಾವೋಕ್ತಿ ಎಂದು ಹೆಸರು. ಜಾತಿ ಎಂದೂ ಕರೆಯುವುದುಂಟು. ದಂಡಿಯು ಇದನ್ನು ಅಲಂಕಾರಗಳ ಸಾಲಿನಲ್ಲಿ ಮೊದಲನೆಯದಾಗಿ ಎಣಿಸುತ್ತಾನೆ. ಅವನ ಕಾವ್ಯಾದರ್ಶವನ್ನು ಬಹುಮಟ್ಟಿಗೆ ಅನುಸರಿಸಿದ ಕವಿರಾಜಮಾರ್ಗದಿಂದಾಗಿ ಒಂಬತ್ತನೆಯ ಶತಮಾನದಲ್ಲಿಯೇ ಈ ಬಗೆಯ ವಿಚಾರಗಳು ಕನ್ನಡದ ಸ್ವತ್ತಾದುವು.

ದಂಡಿಯು ಸ್ವಭಾವೋಕ್ತಿಗೆ ಕೊಡುವ ಮೊದಲ ಉದಾಹರಣೆ ಗಿಳಿಗಳದು. ಅದು ಒಂದು ವರ್ಣಚಿತ್ರವೇ ಸರಿ. ಅಲ್ಲಿ ಕೊಕ್ಕಿನ ಕೆಂಪಿದೆ, ರೆಕ್ಕೆಯ ಹಸಿರಿದೆ, ಕೊರಳಲ್ಲಿ ಮೂರು ಬಣ್ಣದ ಗೆರೆಯಿದೆ. ಆದರೆ ಗಮನಿಸಬೇಕಾದ ಅಂಶವೊಂದುಂಟು. ಕವಿಯು ಕೊಕ್ಕನ್ನು ಬರಿದೆ ಕೆಂಪೆಂದು ಹೇಳಿ ಬಿಡುವುದಿಲ್ಲ. ಕೆಂಪಾಗಿ ಡೊಂಕಾಗಿದೆ ಎನ್ನುತ್ತಾನೆ. ರೆಕ್ಕೆಯನ್ನು ಬರಿದೆ ಹಸಿರೆನ್ನುವುದಿಲ್ಲ. ಹಸಿರಾಗಿ ಮೆತ್ತಗಿದೆ ಎನ್ನುತ್ತಾನೆ. ಒಂದು ಬಣ್ಣದ ಜೊತೆಗೆ ಆಕಾರ, ಇನ್ನೊಂದರ ಜೊತೆಗೆ ಸ್ಪರ್ಶ, ಮತ್ತೊಂದರ ಜೊತೆಗೆ ರೇಖೆ. ಎಲ್ಲಿಯೂ ಬಣ್ಣವು ಒಂಟಿಯಾಗಿ ನಿಂತಿಲ್ಲ. ಗಿಳಿಯು ನಮ್ಮ ಕಣ್ಣ ಮುಂದೆ ಬರುವುದು ಈ ಜೋಡಣೆಯಿಂದ. ವರ್ಣದ ಸಮೀಪಚಿತ್ರಕ್ಕೆ ಬೇಕಾದ ಮುಖ್ಯ ಸೂತ್ರ ಇಲ್ಲಿಯೇ ದೊರೆಯುತ್ತದೆಂದು ನನ್ನ ಭಾವನೆ. ಬಣ್ಣವು ವಸ್ತುವಿನ ಮತ್ತೊಂದು ಗುಣದೊಡನೆ ಕೂಡಿ ಬಂದಾಗಲೇ ಚಿತ್ರವು ವಸ್ತುವನ್ನು ತೋರಿಸುತ್ತದೆ. ಒಂಟಿಯಾಗಿ ಬಂದರೆ ಬಣ್ಣವನ್ನಷ್ಟೇ ತೋರಿಸುತ್ತದೆ.

ಸ್ವಭಾವೋಕ್ತಿಯ ಮೇಲೆ ಆಕ್ಷೇಪಗಳೂ ಬಂದಿವೆ. ಭಾಮಹನು ಇದನ್ನು ಅಲಂಕಾರವೆಂದು ಕೆಲವರು ಹೇಳುತ್ತಾರೆಂದು ಅರೆಮನಸ್ಸಿನಿಂದ ನುಡಿದು ಮುಂದೆ ಸಾಗುತ್ತಾನೆ. ಕುಂತಕನ ಆಕ್ಷೇಪ ತೀಕ್ಷ್ಣವಾದುದು. ವಸ್ತುವಿನ ಸ್ವಭಾವವೇ ಒಡವೆಯಾದರೆ ಒಡವೆಯನ್ನು ತೊಡುವ ಮೈ ಯಾವುದು? ತನ್ನ ಹೆಗಲನ್ನು ತಾನೇ ಏರುವುದು ಯಾರಿಗೂ ಸಾಧ್ಯವಿಲ್ಲವಲ್ಲ ಎಂದು ಅವನು ಕೇಳುತ್ತಾನೆ. ಛಾಯಾಚಿತ್ರವನ್ನು ಕಲೆಯೆಂದು ಒಪ್ಪದವರ ವಾದವೂ ಇದೇ ಅಲ್ಲವೆ? 'ಮೆಣಸಿನಕಾಯಿ ಅಲ್ಲಿತ್ತು, ಯಂತ್ರ ಅದನ್ನು ಹಿಡಿಯಿತು, ನೀನು ಮಾಡಿದ್ದೇನು?' ಎಂಬುದು ಕುಂತಕನ ಪ್ರಶ್ನೆಯ ಆಧುನಿಕ ರೂಪ.

ಇದಕ್ಕೆ ಸಮಾಧಾನ ಮಹಿಮಭಟ್ಟನಲ್ಲಿ ಸಿಗುತ್ತದೆ. ವಸ್ತುವಿಗೆ ಎರಡು ರೂಪಗಳುಂಟು. ಎಲ್ಲ ಮಾತುಗಳಿಗೂ ಎಟುಕುವ ಸಾಮಾನ್ಯರೂಪ ಒಂದು. ಪ್ರತ್ಯಕ್ಷಕ್ಕೆ ಮಾತ್ರ ಗೋಚರಿಸುವ ವಿಶಿಷ್ಟರೂಪ ಇನ್ನೊಂದು. ಈ ಎರಡನೆಯದನ್ನು ಮಾತಿನಲ್ಲಿ ತರುವುದು ಪ್ರತಿಭಾವಂತನಾದ ಕವಿಗೆ ಮಾತ್ರ ಸಾಧ್ಯ. ಸ್ವಭಾವೋಕ್ತಿಯ ಅಲಂಕಾರತ್ವ ಇರುವುದು ಅಲ್ಲಿ. 'ಮೆಣಸಿನಕಾಯಿ' ಎಂದರೆ ಸಾಮಾನ್ಯ. ಈ ಮೆಣಸಿನಕಾಯಿ, ಈ ಸುಕ್ಕು, ತೊಟ್ಟಿನ ಬಳಿ ಮಾಸಿದ ಈ ಬಿಳುಪು ಎಂದರೆ ವಿಶೇಷ.

ಕವಿಯ ದಾರಿಗೂ ಛಾಯಾಗ್ರಾಹಕನ ದಾರಿಗೂ ಇರುವ ವ್ಯತ್ಯಾಸ ಇಲ್ಲಿ ಸ್ಪಷ್ಟವಾಗುತ್ತದೆ. ಕವಿಯ ಕೈಯಲ್ಲಿರುವ ಮಾತುಗಳು ಸಾಮಾನ್ಯವನ್ನು ಹೇಳುತ್ತವೆ. ಅವನು ಶ್ರಮಪಟ್ಟು ವಿಶೇಷವನ್ನು ತಲುಪಬೇಕು. ಛಾಯಾಗ್ರಾಹಕನ ಮುಂದಿರುವುದಾದರೋ ಆರಂಭದಿಂದಲೂ ಒಂದು ವಿಶಿಷ್ಟ ವಸ್ತುವೇ. ಯಂತ್ರಕ್ಕೆ 'ಮೆಣಸಿನಕಾಯಿತನ'ವನ್ನು ಹಿಡಿಯುವ ಶಕ್ತಿಯಿಲ್ಲ. ಆದರೂ ನಾವು ನಿತ್ಯವೂ ಕಾಣುವ ಬಹುಪಾಲು ಚಿತ್ರಗಳಲ್ಲಿ ಆ ವಿಶೇಷವು ಕಳೆದುಹೋಗಿ, ಖಾರದ ಪುಡಿಯ ಪೊಟ್ಟಣದ ಮೇಲಿನ ಮೆಣಸಿನಕಾಯಿಯಂತಹ ಒಂದು ಸಾಮಾನ್ಯ ಮಾತ್ರ ಉಳಿದಿರುತ್ತದೆ. ಕೈಗೆ ಬಂದ ವಿಶೇಷವನ್ನು ಕಳೆದುಕೊಳ್ಳದೆ ಚಿತ್ರದವರೆಗೆ ಒಯ್ಯುವುದೇ ಛಾಯಾಗ್ರಾಹಕನ ಶ್ರಮ. 'ನೀನು ಮಾಡಿದ್ದೇನು?' ಎಂಬ ಪ್ರಶ್ನೆಗೆ ಅವನು ಕೊಡಬಹುದಾದ ಉತ್ತರವೂ ಇದೇ.

೩

ಈ ಸೂತ್ರವನ್ನು ಒಂದು ಪ್ರಸಿದ್ಧ ಕೃತಿಯ ಮೇಲಿಟ್ಟು ಪರೀಕ್ಷಿಸೋಣ. ಅಮೆರಿಕದ ಎಡ್ವರ್ಡ್ ವೆಸ್ಟನ್ ೧೯೩೦ರಲ್ಲಿ ತೆಗೆದ 'ಪೆಪ್ಪರ್ ನಂ. ೩೦' ಎಂಬ ಚಿತ್ರವು ಸಮೀಪಚಿತ್ರಗಳಲ್ಲಿ ಅತ್ಯಂತ ಹೆಸರಾದುದು. ಅದರಲ್ಲಿರುವುದು ಒಂದು ದೊಣ್ಣೆ ಮೆಣಸಿನಕಾಯಿ. ವೆಸ್ಟನ್ ಅದನ್ನು ಒಂದು ತಗಡಿನ ಆಲಿಕೆಯ ಬಾಯೊಳಗಿರಿಸಿ ಹಗಲ ಬೆಳಕಿನಲ್ಲಿ ಚಿತ್ರ ತೆಗೆದನು. ಆಲಿಕೆಯ ಒಳಮೈಯಿಂದ ಪ್ರತಿಫಲಿಸಿದ ಬೆಳಕು ಕಾಯಿಯ ಸುತ್ತಲೂ ಮೃದುವಾಗಿ ಹರಿದು ಅದರ ಉಬ್ಬುತಗ್ಗುಗಳನ್ನೆಲ್ಲ ತಿದ್ದಿ ತೋರಿಸಿತು. ಮೂವತ್ತು ಎಂಬ ಅಂಕೆಯೇ ಅವನ ತಾಳ್ಮೆಗೆ ಸಾಕ್ಷಿ.

ಚಿತ್ರವು ಕಪ್ಪುಬಿಳುಪಿನದು. ಬಣ್ಣ ಹೋದೊಡನೆ ಕಾಯಿಯ ಬಾಗು, ಬಳುಕು, ನುಣುಪು ಮಾತ್ರ ಉಳಿದುವು. ನೋಡಿದವರು ಅದರಲ್ಲಿ ಮನುಷ್ಯನ ಬೆನ್ನನ್ನು, ಅಪ್ಪಿಕೊಂಡ ಎರಡು ಮೈಗಳನ್ನು ಕಂಡರು. ಅದು ಮೆಣಸಿನಕಾಯಿಯೂ ಹೌದು, ಮೆಣಸಿನಕಾಯಿಗಿಂತ ಹೆಚ್ಚಿನದೂ ಹೌದು ಎಂಬುದು ವೆಸ್ಟನ್ನನ ಸ್ವಂತ ಅಭಿಪ್ರಾಯವಾಗಿತ್ತು. ಅಲಂಕಾರದ ಭಾಷೆಯಲ್ಲಿ ಹೇಳುವುದಾದರೆ ಆ ಚಿತ್ರ ಸ್ವಭಾವೋಕ್ತಿಯಲ್ಲಿ ಹುಟ್ಟಿ ರೂಪಕದ ಕಡೆಗೆ ನಡೆದಿದೆ. ಅದರ ಹಿರಿಮೆಯೂ ಅದೇ, ಮಿತಿಯೂ ಅದೇ. ಕಾಯಿಯು ಇನ್ನೊಂದು ವಸ್ತುವಾಗಬಲ್ಲುದೆಂದು ಅದು ತೋರಿಸಿತು. ಆದರೆ ಹಾಗಾಗಲು ತನ್ನ ಬಣ್ಣವನ್ನು ಬಿಟ್ಟುಕೊಡಬೇಕಾಯಿತು.

ದೊಣ್ಣೆ ಮೆಣಸಿನಕಾಯಿಯೂ ನಮ್ಮ ಭಾಗದ ರೈತರು ಬೆಳೆಯುವ ಬ್ಯಾಡಗಿ ತಳಿಯ ಮೆಣಸಿನಕಾಯಿಯೂ ಸಸ್ಯಶಾಸ್ತ್ರದ ದೃಷ್ಟಿಯಿಂದ ಒಂದೇ ಜಾತಿ. ಎರಡಕ್ಕೂ ಕ್ಯಾಪ್ಸಿಕಂ ಆನ್ಯುಯಮ್ ಎಂದೇ ಹೆಸರು. ಒಂದೇ ಕುಲದ ಈ ಎರಡು ಕಾಯಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ನಮ್ಮ ಸಮಸ್ಯೆ ಬೇರೆಯೆಂಬುದು ತಿಳಿಯುತ್ತದೆ. ಬ್ಯಾಡಗಿ ಮೆಣಸಿನಕಾಯಿ ಹೆಸರಾಗಿರುವುದು ಖಾರಕ್ಕಿಂತ ಹೆಚ್ಚಾಗಿ ಬಣ್ಣಕ್ಕೆ. ೨೦೧೧ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಆ ಕಾಯಿಯ ಬೆಲೆ ನಿಲ್ಲುವುದು ಕೆಂಪಿನ ಮೇಲೆ, ಸಿಪ್ಪೆಯ ಸುಕ್ಕಿನ ಮೇಲೆ. ಅದರ ಬಣ್ಣವನ್ನು ತೆಗೆದುಹಾಕಿ ಚಿತ್ರ ಬರೆದರೆ ಅದರ ಸ್ವಭಾವವನ್ನೇ ತೆಗೆದುಹಾಕಿದಂತೆ. ಆದುದರಿಂದ ವೆಸ್ಟನ್ನನಿಂದ ನಾವು ಕಲಿಯಬೇಕಾದುದು ಬೆಳಕಿನ ಪಾಠವನ್ನು. ಬಣ್ಣದ ಪಾಠವನ್ನು ಬೇರೆ ಕಡೆ ಕಲಿಯಬೇಕು.

೪

ಕಲೆಯ ಲೋಕದಲ್ಲಿ ವರ್ಣದ ಛಾಯಾಚಿತ್ರ ಬಹುಕಾಲ ಅನುಮಾನಕ್ಕೆ ಪಾತ್ರವಾಗಿತ್ತು. ೧೯೦೭ರಲ್ಲಿ ಲ್ಯೂಮಿಯೇರ್ ಸಹೋದರರು ಆಟೋಕ್ರೋಮ್ ಎಂಬ ಫಲಕಗಳನ್ನು ಮಾರಾಟಕ್ಕೆ ತಂದರು. ಆಲೂಗಡ್ಡೆಯ ಪಿಷ್ಟದ ಸೂಕ್ಷ್ಮ ಕಣಗಳಿಗೆ ಕಿತ್ತಳೆಗೆಂಪು, ಹಸಿರು, ನೇರಳೆ ಬಣ್ಣ ಕಟ್ಟಿ ಗಾಜಿನ ಮೇಲೆ ಹರಡಿ ಅವನ್ನು ತಯಾರಿಸುತ್ತಿದ್ದರು. ಅಡಿಗೆಮನೆಯ ವಸ್ತುವೊಂದು ಲೋಕದ ಬಣ್ಣಗಳನ್ನು ಹಿಡಿದುಕೊಟ್ಟ ಈ ಪ್ರಸಂಗ ಸ್ವಾರಸ್ಯವಾದುದು. ಆದರೂ ಗಂಭೀರವಾದ ಚಿತ್ರವೆಂದರೆ ಕಪ್ಪುಬಿಳುಪಿನದು, ವರ್ಣಚಿತ್ರವೆಂದರೆ ಜಾಹೀರಾತು ಎಂಬ ಭಾವನೆ ಮುಂದೆಯೂ ದೀರ್ಘಕಾಲ ಉಳಿಯಿತು. ೧೯೭೬ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ಸಂಗ್ರಹಾಲಯದಲ್ಲಿ ವಿಲಿಯಂ ಎಗಲ್‌ಸ್ಟನ್ನನ ವರ್ಣಚಿತ್ರಗಳನ್ನು ಪ್ರದರ್ಶಿಸಿದಾಗಲೂ ಕಟುವಾದ ಟೀಕೆಗಳು ಬಂದುವು. ನಮ್ಮ ದೇಶದ ರಘುಬೀರ್ ಸಿಂಗ್ (೧೯೪೨–೧೯೯೯) ಅವರು ಮಾತ್ರ ಭಾರತೀಯನ ದೃಷ್ಟಿಗೆ ಬಣ್ಣವೇ ಸಹಜವೆಂದು ವಾದಿಸಿ, ಜೀವನಪರ್ಯಂತ ಬಣ್ಣದಲ್ಲಿಯೇ ಚಿತ್ರ ತೆಗೆದರು. ಅವರ ವಾದ ಒಪ್ಪತಕ್ಕದ್ದೇ. ಆದರೆ ಬಣ್ಣ ಸಹಜವೆಂದ ಮಾತ್ರಕ್ಕೆ ಬಣ್ಣವನ್ನು ಕಾಣುವುದು ಸುಲಭವೆಂದು ತಿಳಿಯಬಾರದು.

ಬಣ್ಣವನ್ನು ಕಾಣುವುದು ಎಷ್ಟು ಕಠಿಣವೆಂಬುದಕ್ಕೆ ಭಾಷೆಯೇ ಸಾಕ್ಷಿ. ಕೆಂಪು, ಕಪ್ಪು, ಬಿಳುಪು ಇವುಗಳಂತಹ ಕೆಲವು ಮೂಲಶಬ್ದಗಳನ್ನು ದಾಟಿದೊಡನೆ ಕನ್ನಡವು ಬಣ್ಣಕ್ಕೆ ಹೆಸರಿಡಲು ವಸ್ತುವಿನ ಕೈ ಹಿಡಿಯುತ್ತದೆ. ಹಸಿರು ಎಂಬ ಮಾತಿನಲ್ಲಿ ಹಸಿಯಾದುದರ ನೆನಪಿದೆ. ಹಳದಿಯಲ್ಲಿರುವುದು ಸಂಸ್ಕೃತದ ಹರಿದ್ರಾ, ಅಂದರೆ ಅರಿಸಿನ. ಬೂದುಬಣ್ಣ ಬೂದಿಯಿಂದ ಬಂತು. ನೇರಳೆ, ಕಿತ್ತಳೆ ಹಣ್ಣಿನಿಂದ ಬಂದುವು. ಗಿಳಿಹಸಿರು, ಗೋಧಿಬಣ್ಣ, ಇಟ್ಟಂಗಿಬಣ್ಣ, ನಶ್ಯದ ಬಣ್ಣ, ಉಳ್ಳಾಗಡ್ಡಿ ಸಿಪ್ಪೆಯ ಬಣ್ಣ ಎಂದು ಸೀರೆಯಂಗಡಿಯಲ್ಲಿ ಹೆಂಗಸರು ನಿರಾಯಾಸವಾಗಿ ಹೇಳುವ ಹೆಸರುಗಳೆಲ್ಲ ವಸ್ತುಗಳೇ.

ಎರಡು ಭಾಷೆಗಳ ನಡುವೆ ಬೆಳೆಯುವ ಹೊಳಗುಂದ, ಆದವಾನಿಗಳ ಮಕ್ಕಳಿಗೆ ಇದು ಇನ್ನೂ ಚೆನ್ನಾಗಿ ತಿಳಿಯಬೇಕು. ತೆಲುಗಿನ 'ಪಚ್ಚ' ಎಂಬ ಮಾತು ಹಸಿರಿಗೂ ಹಳದಿಗೂ ಸಲ್ಲುತ್ತದೆ. ಬೇರ್ಪಡಿಸಬೇಕಾದಾಗ ತೆಲುಗರು ಎಲೆಯನ್ನು ಸೇರಿಸಿ 'ಆಕುಪಚ್ಚ' ಎನ್ನುತ್ತಾರೆ, ಅರಿಸಿನವನ್ನು ಸೇರಿಸಿ 'ಪಸುಪುಪಚ್ಚ' ಎನ್ನುತ್ತಾರೆ. ಕನ್ನಡವೂ ತೆಲುಗೂ ಬೇರೆಬೇರೆ ದಾರಿಯಲ್ಲಿ ನಡೆದು ಒಂದೇ ಎಲೆಯ ಬಳಿಗೆ, ಒಂದೇ ಅರಿಸಿನದ ಕೊಂಬಿನ ಬಳಿಗೆ ಬಂದು ನಿಂತಿವೆ. ಭಾಷೆಯು ವಸ್ತುವಿನಿಂದ ಬಣ್ಣವನ್ನು ಬಿಡಿಸಿಕೊಂಡು ಹೆಸರು ಮಾಡಿಕೊಂಡಿದೆ. ವರ್ಣದ ಸಮೀಪಚಿತ್ರವು ಆ ಬಣ್ಣವನ್ನು ಹಿಂದಕ್ಕೆ ಒಯ್ದು ಅದರ ವಸ್ತುವಿನಲ್ಲಿ ಮತ್ತೆ ನೆಲೆಗೊಳಿಸಬೇಕು. ಅರಿಸಿನದ ಚಿತ್ರವನ್ನು ನೋಡಿದವನಿಗೆ 'ಹಳದಿ' ಎಂಬ ಮಾತು ಸಾಲದೆಂದು ತೋರಿದರೆ ಚಿತ್ರ ಗೆದ್ದಿತು.

ವಿಜ್ಞಾನವೂ ಇದನ್ನೇ ಸಮರ್ಥಿಸುತ್ತದೆ. ಸರ್ ಸಿ. ವಿ. ರಾಮನ್ನರು ಬೆಂಗಳೂರಿನ ತಮ್ಮ ಸಂಸ್ಥೆಯಲ್ಲಿ ಇಳಿವಯಸ್ಸಿನ ಅನೇಕ ವರ್ಷಗಳನ್ನು ಹೂವಿನ ಬಣ್ಣಗಳ ಪರೀಕ್ಷೆಗೂ ದೃಷ್ಟಿಯ ವಿಚಾರಕ್ಕೂ ಮೀಸಲಿಟ್ಟು, ೧೯೬೮ರಲ್ಲಿ 'ದಿ ಫಿಸಿಯಾಲಜಿ ಆಫ್ ವಿಷನ್' ಎಂಬ ಗ್ರಂಥವನ್ನು ಪ್ರಕಟಿಸಿದರು. ಹಳದಿಯ ಹೂವಿನಿಂದ ಬರುವ ಬೆಳಕನ್ನು ರೋಹಿತದರ್ಶಕದ ಮೂಲಕ ನೋಡಿದರೆ ಅಲ್ಲಿ ಬರಿಯ ಹಳದಿ ಇರುವುದಿಲ್ಲ. ಕೆಂಪೂ ಹಸಿರೂ ಇರುತ್ತವೆ, ನೀಲಿ ಮಾತ್ರ ಅಡಗಿರುತ್ತದೆ. ಇಂದಿನ ಕ್ಯಾಮೆರಾದೊಳಗಿನ ಫಲಕದಲ್ಲಿಯೂ ಕೆಂಪು, ಹಸಿರು, ನೀಲಿ ಎಂಬ ಮೂರೇ ಬಗೆಯ ಸೋಸುಗಳಿವೆ. ಹಳದಿಯನ್ನು ಅದು ಲೆಕ್ಕಹಾಕಿ ಕಟ್ಟಿಕೊಡುತ್ತದೆ. ಬಣ್ಣವೆಂಬುದು ವಸ್ತು, ಬೆಳಕು, ಕಣ್ಣು ಈ ಮೂರರ ಒಪ್ಪಂದ. ಈ ಮೂರರಲ್ಲಿ ಛಾಯಾಗ್ರಾಹಕನ ವಶದಲ್ಲಿರುವುದು ಬೆಳಕನ್ನು ಆರಿಸಿಕೊಳ್ಳುವ ಕೆಲಸ. ಆದುದರಿಂದ ಈಗ ಬೆಳಕಿನ ಕಡೆಗೆ ಬರೋಣ.

೫

ಸಹಜವಾದ ಬೆಳಕು ಎಂದ ಮಾತ್ರಕ್ಕೆ ಎಲ್ಲ ಊರಿಗೂ ಒಂದೇ ಬೆಳಕಲ್ಲ. ಯುರೋಪಿನ ಕೈಪಿಡಿಗಳು ಉತ್ತರದ ಕಿಟಕಿಯನ್ನು ಹೊಗಳುತ್ತವೆ. ಅಲ್ಲಿನ ಅಕ್ಷಾಂಶದಲ್ಲಿ ಹಗಲಿನ ಸೂರ್ಯ ದಕ್ಷಿಣದಲ್ಲಿಯೇ ಇರುವುದರಿಂದ ಉತ್ತರದ ಕಿಟಕಿಯೊಳಗೆ ಬಿಸಿಲು ಬೀಳುವುದು ಅಪರೂಪ. ದಿನವೆಲ್ಲ ಒಂದೇ ಹದದ ಮೃದುವಾದ ಬೆಳಕು ಸಿಗುತ್ತದೆ. ಈ ಉಪದೇಶವನ್ನು ಹಾಗೆಯೇ ಕನ್ನಡಿಸಿಕೊಂಡು ಪಾಲಿಸಹೊರಟರೆ ಹೊಳಗುಂದದಲ್ಲಿ ಎಡವುತ್ತೇವೆ. ಈ ಭಾಗವಿರುವುದು ಸುಮಾರು ಹದಿನೈದೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ತಿಂಗಳ ಮೊದಲ ವಾರದಲ್ಲಿ ಒಮ್ಮೆ, ಆಗಸ್ಟ್ ತಿಂಗಳ ಎರಡನೆಯ ವಾರದ ಸುಮಾರಿಗೆ ಇನ್ನೊಮ್ಮೆ, ಸೂರ್ಯನು ನಡುಹಗಲಲ್ಲಿ ನಮ್ಮ ನೆತ್ತಿಯ ಮೇಲೆ ಬರುತ್ತಾನೆ. ಆ ನಡುವಿನ ಮೂರು ತಿಂಗಳು ಉತ್ತರದಲ್ಲಿಯೇ ಇರುತ್ತಾನೆ. ಆಗ ಬೆಳಗ್ಗೆ ಈಶಾನ್ಯದ ಕಡೆಯಿಂದಲೂ ಸಂಜೆ ವಾಯವ್ಯದ ಕಡೆಯಿಂದಲೂ ಉತ್ತರದ ಕಿಟಕಿಗೆ ಓರೆಬಿಸಿಲು ತಾಗುತ್ತದೆ. ನಮ್ಮಲ್ಲಿ ಉತ್ತರದ ಕಿಟಕಿ ಚಳಿಗಾಲದ ಗೆಳೆಯ ಮಾತ್ರ. ಎರವಲು ತಂದ ಲಕ್ಷಣಗ್ರಂಥವನ್ನು ನೆಲದ ಮೇಲಿಟ್ಟು ಪರೀಕ್ಷಿಸಬೇಕೆಂಬ ಮಾತು ಕಾವ್ಯಕ್ಕೆ ಹೇಗೋ ಇದಕ್ಕೂ ಹಾಗೆಯೇ.

ನಡುಹಗಲ ಬಿಸಿಲು ವಸ್ತುವಿನ ಮೇಲೆ ನೆಟ್ಟಗೆ ಬೀಳುತ್ತದೆ. ನೆರಳು ವಸ್ತುವಿನ ಕಾಲಡಿಯಲ್ಲಿ ಅಡಗುತ್ತದೆ, ಹೊಳೆಯುವ ಜಾಗವೆಲ್ಲ ಬೆಳ್ಳಗೆ ಸುಟ್ಟಂತಾಗುತ್ತದೆ, ಸುಕ್ಕುಗಳು ಮಾಯವಾಗುತ್ತವೆ. ಆಗ ಬಣ್ಣ ಮಾತ್ರ ಕೂಗುತ್ತದೆ. ದಂಡಿಯ ಗಿಳಿಯಲ್ಲಿದ್ದ ಡೊಂಕೂ ಮೆತ್ತನೆಯೂ ಉಳಿಯುವುದಿಲ್ಲ. ಸೂರ್ಯೋದಯದ ಅನಂತರದ ಓರೆಬಿಸಿಲಿನಲ್ಲಾದರೋ ಪ್ರತಿಯೊಂದು ಸುಕ್ಕಿಗೂ ಒಂದು ಬೆಳಗಿದ ಅಂಚು, ಒಂದು ನೆರಳಿನ ಅಂಚು ಒದಗುತ್ತದೆ. ಬಣ್ಣವನ್ನು ವಸ್ತುವಿನ ಇತರ ಗುಣಗಳೊಡನೆ ಜೋಡಿಸುವುದು ಬೆಳಕಿನ ದಿಕ್ಕು. ಈ ಒಂದು ವಾಕ್ಯವನ್ನು ವಿದ್ಯಾರ್ಥಿಗಳು ನೆನಪಿನಲ್ಲಿಟ್ಟುಕೊಂಡರೆ ಸಾಕು.

ಇದಕ್ಕೆ ಬೇಕಾದ ಸಲಕರಣೆಗಳು ಮನೆಯಲ್ಲಿಯೇ ಇವೆ. ಹಳೆಯ ಮಣ್ಣಿನ ಮಾಳಿಗೆಯ ಮನೆಗಳ ಬೆಳಕಿಂಡಿಯಿಂದ ಇಳಿಯುವ ಬೆಳಕು ಒಂದೇ ದಿಕ್ಕಿನದು. ಸುತ್ತಲೂ ಕತ್ತಲು, ನಡುವೆ ವಸ್ತು. ಕಿಟಕಿಗೆ ತೆಳುವಾದ ಬಿಳಿಯ ಪಂಚೆಯನ್ನು ಇಳಿಬಿಟ್ಟರೆ ಬಿಸಿಲು ಹರಡಿ ಮೃದುವಾಗುತ್ತದೆ. ನೆರಳಿನ ಬದಿಗೆ ಒಂದು ಬಿಳಿಯ ಕಾಗದವನ್ನು ಹಿಡಿದರೆ ಅಲ್ಲಿಯೂ ಸ್ವಲ್ಪ ಬೆಳಕು ತುಂಬುತ್ತದೆ. ವೆಸ್ಟನ್ನನ ತಗಡಿನ ಆಲಿಕೆ ಮಾಡಿದ್ದೂ ಇದನ್ನೇ. ನೆರೆಯ ಸಂಡೂರಿನ ಎಂ. ವೈ. ಘೋರ್ಪಡೆಯವರು (೧೯೩೧–೨೦೧೧) ೧೯೮೩ರಲ್ಲಿ ಪ್ರಕಟಿಸಿದ ತಮ್ಮ ವನ್ಯಜೀವಿ ಚಿತ್ರಗಳ ಪುಸ್ತಕಕ್ಕೆ 'ಸನ್‌ಲೈಟ್ ಅಂಡ್ ಶ್ಯಾಡೋಸ್' ಎಂದು ಹೆಸರಿಟ್ಟರು. ಬಿಸಿಲಿಗಾಗಿಯೂ ನೆರಳಿಗಾಗಿಯೂ ಕಾಯುವುದು ಆ ಕಲೆಯ ಅರ್ಧ ಭಾಗ. ಕಾಡಿನಲ್ಲಿ ಪ್ರಾಣಿ ಬರುವುದನ್ನು ಕಾಯುತ್ತಾರೆ. ಅಡಿಗೆಮನೆಯಲ್ಲಿ ಬೆಳಕು ಬರುವುದನ್ನು ಕಾಯಬೇಕು.

೬

ಇನ್ನು ನಾಲ್ಕು ವಸ್ತುಗಳನ್ನು ತೆಗೆದುಕೊಂಡು ಸೂತ್ರವು ಎಲ್ಲಿ ಸಲ್ಲುತ್ತದೆ, ಎಲ್ಲಿ ಸೋಲುತ್ತದೆ ಎಂಬುದನ್ನು ನೋಡೋಣ.

ಮೊದಲನೆಯದು ಒಣಮೆಣಸಿನಕಾಯಿ. ಕಣದಲ್ಲಿ ಹರಡಿದ ರಾಶಿಯ ಚಿತ್ರವನ್ನು ಎಲ್ಲರೂ ತೆಗೆಯುತ್ತಾರೆ. ನೋಡಲು ಅದು ಭವ್ಯವಾಗಿರಬಹುದು, ಆದರೆ ಅಲ್ಲಿರುವುದು ಕೆಂಪಿನ ಹಾಸು. ಒಂದು ಕಾಯಿಯೂ ಇಲ್ಲ. ಒಂದೇ ಕಾಯಿಯನ್ನು ಕೈಗೆತ್ತಿಕೊಂಡು ಓರೆಬಿಸಿಲಿನಲ್ಲಿ ನೋಡಿದರೆ ಕೆಂಪು ಒಂದಲ್ಲವೆಂದು ತಿಳಿಯುತ್ತದೆ. ಸುಕ್ಕಿನ ಏಣಿನಲ್ಲಿ ದಾಳಿಂಬೆಯ ಕೆಂಪು, ತಗ್ಗಿನಲ್ಲಿ ಕಪ್ಪಿಗೆ ತಿರುಗಿದ ಕೆಂಗಂದು, ಸಿಪ್ಪೆ ತೆಳುವಾದಲ್ಲಿ ಒಳಗಿನ ಬೀಜದ ಹಳದಿಯ ಸುಳಿವು, ತೊಟ್ಟಿನಲ್ಲಿ ಒಣಹುಲ್ಲಿನ ಬಣ್ಣ. ಇಲ್ಲಿ ಯಂತ್ರದ ಒಂದು ದೌರ್ಬಲ್ಯವನ್ನು ಅರಿತಿರಬೇಕು. ಗಾಢವಾದ ಕೆಂಪಿನ ಮುಂದೆ ಕ್ಯಾಮೆರಾದ ಕೆಂಪಿನ ಭಾಗ ಬೇಗನೆ ತುಂಬಿ ತುಳುಕುತ್ತದೆ. ತುಂಬಿದ ಮೇಲೆ ಅದಕ್ಕೆ ಭೇದಗಳು ಕಾಣುವುದಿಲ್ಲ. ಆದುದರಿಂದ ಬೆಳಕಿನ ಪ್ರಮಾಣವನ್ನು ಸ್ವಲ್ಪ ತಗ್ಗಿಸಿಯೇ ಚಿತ್ರ ತೆಗೆಯಬೇಕು.

ಎರಡನೆಯದು ಕೌದಿ. ಹಳೆಯ ಸೀರೆಗಳ ತುಂಡುಗಳನ್ನು ಪದರ ಪದರವಾಗಿ ಜೋಡಿಸಿ ಸಾಲು ಹೊಲಿಗೆಯಿಂದ ಹೊಲಿದ ಈ ಹೊದಿಕೆಯಲ್ಲಿ ಪ್ರತಿಯೊಂದು ಬಣ್ಣವೂ ಒಮ್ಮೆ ಯಾರೋ ಉಟ್ಟದ್ದು. ಹೊಲಿಗೆ ಬಿದ್ದಲ್ಲಿ ಬಟ್ಟೆ ಕುಳಿಬಿದ್ದಿರುತ್ತದೆ, ನಡುವೆ ಉಬ್ಬಿರುತ್ತದೆ. ಮಗ್ಗುಲಿನಿಂದ ಬೆಳಕು ಬಂದರೆ ಹೊಲಿದ ಕೈಯ ನಡೆ ಕಾಣುತ್ತದೆ. ನೇರವಾಗಿ ಬಂದರೆ ಅಂಗಡಿಯ ಬಣ್ಣದ ಪಟ್ಟಿ ಕಾಣುತ್ತದೆ. ಇಲ್ಲಿ ಬಣ್ಣಗಳು ಒಂದನ್ನೊಂದು ಬದಲಾಯಿಸುವುದನ್ನೂ ನೋಡಬಹುದು. ಪ್ಯಾರಿಸ್ಸಿನ ಗೋಬ್ಲಾ ನೆಯ್ಗೆಯ ಕಾರ್ಖಾನೆಯಲ್ಲಿ ಬಣ್ಣದ ವಿಭಾಗದ ಮುಖ್ಯಸ್ಥನಾಗಿದ್ದ ಷೆವ್ರಲ್ ಎಂಬ ರಸಾಯನಶಾಸ್ತ್ರಜ್ಞನಿಗೆ ಕಪ್ಪು ನೂಲು ಪೇಲವವಾಗಿದೆಯೆಂಬ ದೂರು ಬಂದಿತು. ದೋಷ ಬಣ್ಣದಲ್ಲಿಲ್ಲ, ಪಕ್ಕದ ನೂಲಿನ ಬಣ್ಣದಲ್ಲಿದೆಯೆಂದು ಅವನು ಕಂಡುಕೊಂಡನು. ೧೮೩೯ರಲ್ಲಿ ಪ್ರಕಟವಾದ ಅವನ ಗ್ರಂಥಕ್ಕೆ ಆಧಾರವಾದುದು ಈ ಬಗೆಯ ಪರಿಶೀಲನೆ. ಹಸಿರಿನ ಪಕ್ಕದ ಕೆಂಪು ಕಂದಿನ ಪಕ್ಕದ ಕೆಂಪಲ್ಲವೆಂಬುದನ್ನು ನಮ್ಮ ಅಜ್ಜಿಯರು ತುಂಡುಗಳನ್ನು ಹೊಂದಿಸುತ್ತಲೇ ತಿಳಿದಿದ್ದರು.

ಮೂರನೆಯದು ಗಾಜಿನ ಬಳೆ. ಇದರ ಸ್ವಭಾವ ಬೇರೆ. ಬೆಳಕು ಇದರ ಮೇಲೆ ಬೀಳುವುದಕ್ಕಿಂತ ಇದರೊಳಗೆ ಹಾಯುವುದು ಮುಖ್ಯ. ಬಳೆಯ ಹಿಂದಿನಿಂದ ಬೆಳಕು ಬರುವಂತೆ ಇಟ್ಟರೆ ಬಣ್ಣವು ಬಳೆಯಲ್ಲಿಯೂ ಇರುತ್ತದೆ, ನೆಲದ ಮೇಲಿನ ನೆರಳಿನಲ್ಲಿಯೂ ಇರುತ್ತದೆ. ಬಣ್ಣವುಳ್ಳ ನೆರಳು ಗಾಜಿನ ವಿಶೇಷ ಗುಣ. ಅದನ್ನು ಬಿಟ್ಟು ತೆಗೆದ ಬಳೆಯ ಚಿತ್ರ ಪ್ಲಾಸ್ಟಿಕ್ಕಿನ ಬಳೆಯ ಚಿತ್ರವೂ ಆಗಬಹುದು.

ನಾಲ್ಕನೆಯದು ಕುಂಕುಮ. ಇಲ್ಲಿ ನಮ್ಮ ಸೂತ್ರಕ್ಕೆ ಕಠಿಣವಾದ ಪರೀಕ್ಷೆ. ಭರಣಿಯ ತುಂಬ ತುಂಬಿದ ಕುಂಕುಮಕ್ಕೆ ಸ್ವಂತ ಆಕಾರವಿಲ್ಲ, ಹೊಳಪಿಲ್ಲ, ಸುಕ್ಕಿಲ್ಲ. ಬಣ್ಣ ಬಿಟ್ಟರೆ ಬೇರೆ ಗುಣವೇ ಇಲ್ಲವೆನ್ನಬೇಕು. ಹೀಗಾಗಿ ಕುಂಕುಮದ ಸಮೀಪಚಿತ್ರಗಳು ನೂರಕ್ಕೆ ತೊಂಬತ್ತು ಬರಿಯ ಕೆಂಪು ಕಾಗದದಂತೆ ಕಾಣುತ್ತವೆ ಎಂದರೆ ತಪ್ಪಾಗಲಾರದು. ಆದರೆ ಅದೇ ಭರಣಿಯಲ್ಲಿ ಬೆರಳು ಅದ್ದಿ ತೆಗೆದ ಕುಳಿಯೊಂದಿದ್ದರೆ? ಆ ಕುಳಿಯ ಅಂಚಿನಲ್ಲಿ ಕುಸಿದ ಪುಡಿ, ಭರಣಿಯ ಕಂಠಕ್ಕೆ ಅಂಟಿದ ಧೂಳು, ಮುಚ್ಚಳದ ಮೇಲಿನ ಬೆರಳಿನ ಗುರುತು ಇವು ಬಣ್ಣಕ್ಕೆ ಜೊತೆಯಾಗುತ್ತವೆ. ಪುಡಿಯ ಸ್ವಭಾವ ಬಳಕೆಯಲ್ಲಿ ಪ್ರಕಟವಾಗುತ್ತದೆ. ಅರಿಸಿನಕ್ಕೆ ಸುಣ್ಣ ತಾಗಿ ಕೆಂಪೇರುವುದನ್ನು ಓಕುಳಿ ಕಲಸುವ ಮನೆಯವರೆಲ್ಲ ಬಲ್ಲರು; ಸಾಂಪ್ರದಾಯಿಕ ಕುಂಕುಮವೂ ಅರಿಸಿನದಿಂದಲೇ ಆದುದು. ಹಳದಿಯು ಕೆಂಪಾಗುವ ಆ ಗಳಿಗೆಯನ್ನು ಹಿಡಿದ ಚಿತ್ರ, ಸಿದ್ಧವಾದ ಕುಂಕುಮದ ಹತ್ತು ಚಿತ್ರಗಳಿಗೆ ಸಮ. ದಂಡಿಯು ಸ್ವಭಾವೋಕ್ತಿಯಲ್ಲಿ ಕ್ರಿಯೆಗೂ ಒಂದು ಸ್ಥಾನ ಕೊಟ್ಟಿರುವುದನ್ನು ಇಲ್ಲಿ ನೆನೆಯಬೇಕು.

ಹತ್ತಿರ ಹೋದಷ್ಟೂ ಸ್ಪಷ್ಟವಾಗಿ ಕಾಣುವ ಆಳ ಕಿರಿದಾಗುತ್ತ ಹೋಗುತ್ತದೆಂಬ ಇನ್ನೊಂದು ನಿಯಮವೂ ಈ ಕಲೆಗಿದೆ. ವಸ್ತುವಿನಷ್ಟೇ ದೊಡ್ಡದಾಗಿ ಫಲಕದ ಮೇಲೆ ಬಿಂಬ ಮೂಡಿಸುವಾಗ ಕೆಲವೇ ಮಿಲಿಮೀಟರಿನಷ್ಟು ಆಳ ಸ್ಪಷ್ಟವಾಗಿರುತ್ತದೆ, ಉಳಿದುದೆಲ್ಲ ಮಸಕು. ಇದನ್ನು ದೋಷವೆಂದು ತಿಳಿಯಬೇಕಾಗಿಲ್ಲ. ಎಲ್ಲವನ್ನೂ ಹೇಳುವುದು ಕವಿಗೂ ಸಾಧ್ಯವಿಲ್ಲ. ಮೆಣಸಿನಕಾಯಿಯಲ್ಲಿ ತೊಟ್ಟನ್ನು ಸ್ಪಷ್ಟಗೊಳಿಸಬೇಕೋ, ಸುಕ್ಕನ್ನೋ ಎಂದು ನಿರ್ಣಯಿಸುವ ಗಳಿಗೆಯಲ್ಲಿ ಛಾಯಾಗ್ರಾಹಕನು ವಿಮರ್ಶಕನೂ ಆಗುತ್ತಾನೆ. ಆದರೆ ಸುತ್ತಲೂ ಮಸಕಾದುದೆಲ್ಲ ಧ್ವನಿಯಲ್ಲ. ಸ್ಪಷ್ಟವಾಗಿ ಹೇಳಬೇಕಾದುದನ್ನು ಹೇಳಿದ ಮೇಲೆ ಉಳಿಯುವ ಮೌನ ಮಾತ್ರ ಧ್ವನಿಯಾದೀತು.

೭

ಇಷ್ಟೆಲ್ಲ ಶ್ರಮ ಕನ್ನಡ ಮಾಧ್ಯಮದ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಏಕೆ ಎಂದು ಕೇಳಬಹುದು. ೧೯೫೩ರ ಅಕ್ಟೋಬರ್ ೧ರಂದು ಆಂಧ್ರ ರಾಜ್ಯ ಉದಯವಾದಾಗ ಹಳೆಯ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ಕಡೆಗೆ ಸೇರಿದುವು. ಅಂದಿನಿಂದ ಈ ಭಾಗದಲ್ಲಿ ಕನ್ನಡವು ಕಚೇರಿಯ ಭಾಷೆಯಾಗಿ ಉಳಿಯಲಿಲ್ಲ. ಮನೆಯ, ಹೊಲದ, ಕಣದ, ಶಾಲೆಯ ಭಾಷೆಯಾಗಿ ಉಳಿಯಿತು. ಇಂತಹ ನೆಲದಲ್ಲಿ ಭಾಷೆ ಬದುಕುವುದು ವಸ್ತುಗಳ ಆಶ್ರಯದಲ್ಲಿ. ಕೆಂಗಂದು ಎಂಬ ಮಾತು ಬೇಕಾಗುವುದು ಕೆಂಪಿಗೂ ಕೆಂಗಂದಿಗೂ ಭೇದವನ್ನು ಕಂಡವನಿಗೆ. ಭೇದವನ್ನು ಕಾಣದವನಿಗೆ ಕೆಂಪು ಒಂದೇ ಸಾಕು. ಕೆಲವು ದಿನಗಳಲ್ಲಿ ಆ ಒಂದು ಮಾತೂ 'ರೆಡ್' ಆಗಿಬಿಡುತ್ತದೆ. ಮಾತು ಸಾಯುವ ಮೊದಲು ನೋಟ ಸಾಯುತ್ತದೆ.

ನಮ್ಮ ಶಾಲೆಗಳ ನಿಬಂಧಗಳನ್ನು ಓದಿದವರಿಗೆ ಈ ಮಾತು ಅತಿಶಯೋಕ್ತಿಯಾಗಿ ತೋರದು. ಸುಗ್ಗಿಯನ್ನು ವರ್ಣಿಸಿರಿ ಎಂದರೆ ಸುಗ್ಗಿಯ ಕಣದಲ್ಲಿಯೇ ಬೆಳೆದ ಹುಡುಗನೂ ಕಂಠಪಾಠದ ಹತ್ತು ವಾಕ್ಯಗಳನ್ನು ಬರೆಯುತ್ತಾನೆ. ಅವನು ಕಂಡ ರಾಶಿ, ಅವನ ಕಣ್ಣಿಗೆ ಬಿದ್ದ ಧೂಳು ಅಲ್ಲಿಲ್ಲ. ಮಹಿಮಭಟ್ಟನ ಮಾತಿನಲ್ಲಿ ಹೇಳುವುದಾದರೆ ಎಲ್ಲವೂ ಸಾಮಾನ್ಯ. ಈ ರೋಗಕ್ಕೆ ಸಮೀಪಚಿತ್ರವು ಒಂದು ಸುಲಭವಾದ ಮದ್ದಾಗಬಹುದು. ಆದರೆ ಚಿತ್ರ ತೆಗೆದ ಮಾತ್ರಕ್ಕೆ ಆಗುವುದಿಲ್ಲ. ಇಂದಿನ ಮೊಬೈಲುಗಳು ಬಣ್ಣವನ್ನು ತಾವಾಗಿಯೇ ಗಾಢಮಾಡಿ, ಬೆಳಗಿನ ಹೊಂಬೆಳಕನ್ನು 'ಸರಿಪಡಿಸಿ', ಎಲ್ಲ ಊರಿನ ಮೆಣಸಿನಕಾಯಿಯನ್ನೂ ಒಂದೇ ಕೆಂಪಿಗೆ ತರಲು ಹವಣಿಸುತ್ತವೆ. ಯಂತ್ರದ ಈ ಸಾಮಾನ್ಯೀಕರಣವನ್ನು ತಡೆಯುವುದು ಕಣ್ಣಿನ ಕೆಲಸ, ಕಣ್ಣನ್ನು ಎಚ್ಚರವಾಗಿಡುವುದು ಮಾತಿನ ಕೆಲಸ.

ಆದುದರಿಂದ ಅಧ್ಯಾಪಕರ ವಿಚಾರಕ್ಕಾಗಿ ಒಂದು ಅಭ್ಯಾಸವನ್ನು ಸೂಚಿಸುತ್ತೇನೆ. ತರಗತಿಗೆಲ್ಲ ಸೇರಿ ಒಂದೇ ಮೊಬೈಲು ಇದ್ದರೂ ಸಾಕು. ಪ್ರತಿಯೊಬ್ಬ ವಿದ್ಯಾರ್ಥಿಯೂ ಮನೆಯಿಂದ ಬಣ್ಣದ ಒಂದು ಚಿಕ್ಕ ವಸ್ತುವನ್ನು ತರಲಿ. ಬೆಳಗಿನ ಪ್ರಾರ್ಥನೆಗೆ ಮುಂಚೆ, ನಡುಹಗಲ ಬಿಡುವಿನಲ್ಲಿ, ಶಾಲೆ ಬಿಟ್ಟ ಮೇಲೆ, ಹೀಗೆ ಮೂರು ಹೊತ್ತು ಒಂದೇ ಸ್ಥಳದಲ್ಲಿಟ್ಟು ಅದರ ಚಿತ್ರ ತೆಗೆಯಲಿ. ಅನಂತರ ಒಂದೊಂದು ಚಿತ್ರಕ್ಕೂ ಐದು ವಾಕ್ಯಗಳ ವರ್ಣನೆಯನ್ನು ಬರೆಯಲಿ. ನಿಯಮ ಎರಡೇ. ಬಣ್ಣವನ್ನು ಹೇಳಿದಲ್ಲೆಲ್ಲ ಇನ್ನೊಂದು ಗುಣವನ್ನೂ ಹೇಳಬೇಕು. 'ಅಂತೆ', 'ಹಾಗೆ' ಎಂಬ ಉಪಮೆಯ ಮಾತುಗಳನ್ನು ಬಳಸಕೂಡದು. ಉಪಮೆಯ ಊರುಗೋಲು ಇಲ್ಲದಾಗ ಶಬ್ದವನ್ನು ಹುಡುಕಲೇಬೇಕಾಗುತ್ತದೆ. ತಿಳಿಯದಿದ್ದರೆ ಮನೆಯಲ್ಲಿ ಅಜ್ಜಿಯನ್ನು ಕೇಳಲಿ, ಬಳೆಗಾರನನ್ನು ಕೇಳಲಿ, ಮೆಣಸಿನಕಾಯಿ ಬೆಳೆಯುವ ರೈತನನ್ನು ಕೇಳಲಿ. ಅವರು ಕೊಡುವ ಮಾತು ನಿಘಂಟಿನಲ್ಲಿ ಇರಲಿ, ಇಲ್ಲದಿರಲಿ, ಅದನ್ನು ಚಿತ್ರದ ಕೆಳಗೆ ಬರೆದಿಡಲಿ.